ಇದು ಚಲೋನೋ, ಅದು ಚಲೋನೋ?

ಭಾವನ ಎರಡೂ ಹೆಬ್ಬೆರಳುಗಳು ಹಿಂದಕ್ಕೆ ಬಾಗಿದ್ದವು. ಕನ್ನಡಕದ ಕಡ್ಡಿಗಳನ್ನು ಬಗ್ಗಿಸಿ ಬಗ್ಗಿಸಿ ಹಾಗಾಗಿದ್ದವೋ, ಹುಟ್ಟಿನಿಂದಲೇ ಹಾಗಿದ್ದವೋ, ಕಟ್ಟಿಕೊಂಡ ನನ್ನ ಅಕ್ಕನಿಗೂ ಗೊತ್ತಿರಲಿಲ್ಲ. ನೀವು ಅವರ ಎದುರು ಕೂತು ಏನೋ ಮುಖ್ಯವಾದದ್ದು ಹೇಳುತ್ತಿರುವಾಗಲೇ ಅವರ ಕೈ ಮುಂದೆ ಬಂದು ನಿಮ್ಮ ಮೂಗಿನ ಮೇಲಿನ ಕನ್ನಡಕವನ್ನು ಎತ್ತಿಕೊಂಡುಬಿಡುತ್ತಿತ್ತು. ಆ ಹೆಬ್ಬೆರಳಿನಿಂದ ಕಡ್ಡಿಯನ್ನು ಕೂದಲೆಳೆಯಷ್ಟು ಒತ್ತಿ, ಜೇಬಿನಲ್ಲಿದ್ದ ಹಳದಿ ಬಟ್ಟೆಯಿಂದ ಗಾಜು ಒರೆಸಿ, ಮತ್ತೆ ನಿಮ್ಮ ಮೂಗಿಗೆ ಏರಿಸುತ್ತಿದ್ದರು. ಅಷ್ಟು ಹೊತ್ತು ನಿಮಗೆ ಲೋಕವೆಲ್ಲ ಮಸುಕು. ಮಾತು ಎಲ್ಲಿಗೆ ನಿಂತಿತ್ತೆಂಬುದು ನಿಮಗೇ ಮರೆತಿರುತ್ತಿತ್ತು, ಅವರಿಗೆ ಮಾತ್ರ ನೆನಪಿರುತ್ತಿತ್ತು.

ಪುಣೆಯ ಲಕ್ಷ್ಮೀ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಅವರ ಚಷ್ಮಾ ಅಂಗಡಿ. ಅವರ ತಂದೆ ಬೆಳಗಾವಿಯಿಂದ ಬಂದು ಹಾಕಿದ್ದು. ನಾನು ವಿಮೆ ಕಂಪನಿಯ ಕೆಲಸಕ್ಕೆಂದು ಪುಣೆಗೆ ಬಂದಾಗ ಕೋಥರೂಡಿನ ಅವರ ಮನೆಯಲ್ಲೇ ಉಳಿದೆ. ಅಪಘಾತವಾದ ವಾಹನಗಳ ಫೋಟೊ ನೋಡಿ ವರದಿ ಬರೆಯುವುದು ನನ್ನ ಉದ್ಯೋಗ. ದಿನವಿಡೀ ನುಜ್ಜುಗುಜ್ಜಾದ ಬಾನೆಟ್ಟುಗಳನ್ನು ನೋಡಿ ಸಂಜೆ ಅಂಗಡಿಗೆ ಹೋಗಿ ಕೂತರೆ ಸಮಾಧಾನವೆನಿಸುತ್ತಿತ್ತು. ಗಿರಾಕಿಯ ಕಣ್ಣಿಗೆ ಆ ಭಾರವಾದ ಚೌಕಟ್ಟು ಹಾಕಿ, ಒಂದು ಗಾಜು ತೆಗೆದು ಇನ್ನೊಂದು ಇಟ್ಟು, ಭಾವ ಮರಾಠಿಯಲ್ಲಿ ಮೆಲ್ಲಗೆ ಕೇಳುತ್ತಿದ್ದರು: "ಹೇ ಚಾಂಗ್ಲ, ಕೀ ತೇ ಚಾಂಗ್ಲ?" ನಮ್ಮ ಕಡೆಯವರು ಬಂದರೆ ಅದೇ ಮಾತು ಕನ್ನಡದಲ್ಲಿ: "ಇದು ಚಲೋನೋ, ಅದು ಚಲೋನೋ?"

ಮನೆಯಲ್ಲೂ ಅದೇ ಪ್ರಶ್ನೆ. ಚಹಾಕ್ಕೆ ಶುಂಠಿಯೋ ಏಲಕ್ಕಿಯೋ, ಊರಿಗೆ ಹೋಗಲು ರೈಲೋ ಬಸ್ಸೋ, ಪಲ್ಯಕ್ಕೆ ಬದನೆಯೋ ಚವಳಿಯೋ. ಯಾರ ಮೇಲೂ ಏನನ್ನೂ ಹೇರಿದವರಲ್ಲ. ನನ್ನ ಮದುವೆಯ ಮಾತು ಬಂದಾಗ ಮನೆಯವರೆಲ್ಲ ಒಂದೊಂದು ಹುಕುಂ ಹೊರಡಿಸಿದರೆ ಭಾವ ಮಾತ್ರ, ಆಗೂದು ಚಲೋನೋ ಬಿಡೂದು ಚಲೋನೋ, ನೀನ ಹೇಳು ಎಂದಿದ್ದರು. ನನ್ನನ್ನು ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಆ ಪ್ರಶ್ನೆಗಾಗಿಯೇ ನಾನು ಅವರನ್ನು ಹಚ್ಚಿಕೊಂಡೆ. ಅಕ್ಕನಿಗೆ ಮಾತ್ರ ಅದು ತಲೆನೋವು. ಇವರಿಗೆ ಒಂದು ಅನ್ನೋದೇ ಗೊತ್ತಿಲ್ಲ, ಎಲ್ಲ ಎರಡೆರಡು ಎನ್ನುತ್ತಿದ್ದಳು.

ಅಂಥ ಮನುಷ್ಯ ಒಂದು ದಿನ ಯಾರನ್ನೂ ಕೇಳದೆ ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮುಂಬೈಯ ಯಾರೋ ಓಡಿಸಿ ಬಿಟ್ಟದ್ದು. ಬಣ್ಣ ಬೂದಿಯದು. ಅಕ್ಕ ಆರತಿ ತಟ್ಟೆ ಹಿಡಿದುಕೊಂಡೇ, ಕೆಂಪು ಸಿಗಲಿಲ್ಲವೇ ಎಂದು ಕೇಳಿದಳು. ನನ್ನ ಕಚೇರಿಯ ಫೋಟೊಗಳಲ್ಲಿ ಬೂದಿ ಬಣ್ಣದವು ಎಷ್ಟು ಬರುತ್ತವೆಂದು ನನಗೆ ಗೊತ್ತಿತ್ತು. ಶುಭದ ಹೊತ್ತಿನಲ್ಲಿ ಅದನ್ನು ಆಡಬಾರದೆಂದು ಬಾಯಿ ಮುಚ್ಚಿಕೊಂಡೆ.

ಕಾರಿನ ಹಿಂದೆಯೇ ಆ ಪೆಟ್ಟಿಗೆ ಬಂತು. ಅಂಗೈಯಗಲದ್ದು, ಸಣ್ಣದೊಂದು ತೆರೆ, ನಾಲ್ಕು ಗುಂಡಿ, ಒಂದು ದಪ್ಪ ವೈರು. ಈಗಿನ ಎಂಜಿನ್ನುಗಳಿಗೆ ಎಷ್ಟು ಪೆಟ್ರೋಲು ಕುಡಿಯಬೇಕು, ಕಿಡಿ ಯಾವಾಗ ಹಾರಿಸಬೇಕು ಎಂದು ಹೇಳಿಕೊಡುವ ಒಂದು ಲೆಕ್ಕ ಒಳಗಿನ ಕಂಪ್ಯೂಟರಿನಲ್ಲಿರುತ್ತದೆ, ಅದಕ್ಕೆ ಮ್ಯಾಪ್ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಅಂಥ ಸಿದ್ಧ ಮ್ಯಾಪುಗಳು ತುಂಬಿದ್ದವು, ಸೌಮ್ಯವಾದದ್ದು, ಚುರುಕಾದದ್ದು, ದುಬಾರಿ ಪೆಟ್ರೋಲಿಗೇ ಹೇಳಿಮಾಡಿಸಿದ ಉಗ್ರವಾದದ್ದು. ವೈರನ್ನು ಸ್ಟಿಯರಿಂಗಿನ ಕೆಳಗಿನ ತೂತಿಗೆ ಸಿಕ್ಕಿಸಿದರೆ ಹಳೆಯದು ಅಳಿಸಿ ಹೊಸದು ಇಳಿಯುತ್ತದೆ. ಅಷ್ಟು ಹೊತ್ತು ಕಾರಿನಲ್ಲಿ ಒಂದು ದೀಪವೂ ಉರಿಯುವಂತಿಲ್ಲ, ವೈರು ಅಲುಗುವಂತಿಲ್ಲ. ನಡುವೆ ಕಿತ್ತುಬಂದರೆ ಕಾರು ನಿಂತಲ್ಲೇ ಕಲ್ಲು. ಭಾವನ ವೈರು ಮೊದಲಿನಿಂದಲೂ ಸಡಿಲ. ಮ್ಯಾಪ್ ಇಳಿಯುವವರೆಗೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂರುತ್ತಿದ್ದರು. ವಾರಕ್ಕೊಂದು ಮ್ಯಾಪ್ ಹಾಕಿ, ಪಿರಂಗುಟ್ ಕಡೆಗೆ ನನ್ನನ್ನು ಕರೆದೊಯ್ದು, ಬೆನ್ನು ಸೀಟಿಗೆ ಅಂಟುವಂತೆ ಓಡಿಸಿ ಕೇಳುತ್ತಿದ್ದರು. "ಏ ಸಣ್ಣಾಕಿ, ಇದು ಚಲೋನೋ, ಹೋದವಾರದ್ದು ಚಲೋನೋ?"

ವಿಚಿತ್ರವೆಂದರೆ, ಫುಟ್‌ಪಾತಿನ ಸಿದ್ಧ ಕನ್ನಡಕ ಕಂಡರೆ ಇದೇ ಭಾವನಿಗೆ ಮೈಯುರಿಯುತ್ತಿತ್ತು. ಯಾರಾದರೂ ಅಂಥದ್ದು ಹಾಕಿಕೊಂಡು ಅಂಗಡಿಗೆ ಬಂದರೆ, ಇನ್ನೊಬ್ಬರ ಕಣ್ಣಿಗೆ ಮಾಡಿದ್ದನ್ನು ನಿಮ್ಮ ಕಣ್ಣಿಗೆ ಯಾಕೆ ಹಾಕುತ್ತೀರಿ ಎಂದು ಪಾಠ ಮಾಡಿ ಕಳಿಸುತ್ತಿದ್ದರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಅಕ್ಕ ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿಯೇಬಿಟ್ಟಳು. "ಮಂದಿ ಕಣ್ಣಿಗೆ ರೆಡಿಮೇಡ್ ಚಷ್ಮಾ ಬ್ಯಾಡಂತೀರಿ. ನಿಮ್ಮ ಗಾಡಿಗೆ ಮಾತ್ರ ರೆಡಿಮೇಡ್ ನಡೀತದೇನ್ರಿ?"

ಭಾವ ನಕ್ಕರು. ಆಮೇಲೆ ನಗು ನಿಂತಿತು. "ಹುಟ್ಟಾ ಮಂದಿನ್ನ ಕೇಳಕೋತ ಬಂದೇನಿ, ಇದು ಬೇಕೋ ಅದು ಬೇಕೋ ಅಂತ. ನನ್ನ ಯಾರರೆ ಕೇಳ್ಯಾರೇನ? ಈ ಪೆಟ್ಟಿಗಿ ಕೇಳ್ತದ ನೋಡು," ಎಂದರು. ಅಕ್ಕನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಅಪ್ಪನ ಅಂಗಡಿ, ಅಪ್ಪ ನೋಡಿದ ಹೆಣ್ಣು, ಅಪ್ಪ ಹಿಡಿದ ಮನೆ. ಭಾವನ ಬದುಕಿನಲ್ಲಿ ಅವರೇ ಆರಿಸಿದ್ದು ಆ ಕಾರೊಂದೇ ಎಂದು ನನಗೆ ಆವತ್ತು ಹೊಳೆಯಿತು. ಅದಕ್ಕೇ ಹೆಚ್ಚು ಭಯವಾಯಿತು.

ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಏರು ಹತ್ತುವಾಗ ಎಂಜಿನ್ನಿನಲ್ಲಿ ಒಂದು ಸಣ್ಣ ಸದ್ದು ಕೇಳಿಸುತ್ತಿತ್ತು, ತಗಡಿನ ಡಬ್ಬಿಯಲ್ಲಿ ನಾಲ್ಕು ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ. ಬಂದು ಹೋಗುತ್ತಿತ್ತು. ನಾನು ಹೇಳಿದರೆ ಭಾವ ಕಿವಿಗೊಟ್ಟು ಕೇಳಿ, ಇಲ್ಲ ಬಿಡು ಎನ್ನುತ್ತಿದ್ದರು. ಆ ಸದ್ದು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಕಚೇರಿಯಲ್ಲಿ ಫೋಟೊ ನೋಡುವಾಗಲೂ ಕೇಳಿಸುತ್ತಿತ್ತು.

ಕೊನೆಗೆ ಅಕ್ಕನ ಹಟಕ್ಕೆ ಸೋತು ಭಾವ ಕಾರನ್ನು ಎಂಜಿನ್ನಿನ ಬಲ ಅಳೆಯುವ ಭೋಸರಿಯ ಡೈನೊ ಶೆಡ್ಡಿಗೆ ಒಯ್ದರು, ಜೊತೆಗೆ ನಾನು. ಅಲ್ಲಿ ಕಾರಿನ ಚಕ್ರಗಳನ್ನು ನೆಲದಲ್ಲಿ ಹೂತ ಉರುಳೆಗಳ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಪಟ್ಟಿ ಬಿಗಿದು ಓಡಿಸುತ್ತಾರೆ. ಕಾರು ಶರವೇಗದಲ್ಲಿ ಓಡುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಶೆಡ್ಡಿನ ಮಾಲೀಕ ದೊಡ್ಡ ಕಾರ್ಖಾನೆಯೊಂದರಲ್ಲಿ ಎಂಜಿನ್ನುಗಳ ಪರೀಕ್ಷೆ ಮಾಡುತ್ತಿದ್ದ ಮರಾಠಿ ಎಂಜಿನಿಯರು, ಮಾತು ಕಡಿಮೆ. ಮೊದಲು ಕೇಳಿದ್ದು, ಯಾವ ಬಂಕಿನಲ್ಲಿ ಪೆಟ್ರೋಲು ಹಾಕಿಸುತ್ತೀರಿ ಎಂದು. ಭಾವನಿಗೆ ಆ ಜಾಗ ತುಂಬ ಹಿಡಿಸಿತು. ನಮ್ಮ ಅಂಗಡಿಯ ಕಣ್ಣು ಪರೀಕ್ಷೆಯ ಕುರ್ಚಿಯಂತೆಯೇ ಇದೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಾರು ಅಬ್ಬರಿಸತೊಡಗಿದಾಗ ಪಟ್ಟಿಗಳು ಬಿಗಿದುಕೊಂಡು ನಡುಗಿದವು, ಕಾಲಡಿಯ ಸಿಮೆಂಟು ಅದುರಿತು. ಹಗ್ಗ ಕಟ್ಟಿದ ಪ್ರಾಣಿಯ ಎದುರು ನಿಂತಂತಾಯಿತು ನನಗೆ. ಎಂಜಿನಿಯರು ತಮ್ಮ ಹೆಡ್‌ಫೋನನ್ನು ಭಾವನ ಕಿವಿಗೆ ಹಾಕಿದರು. ಅದರ ವೈರು ಎಂಜಿನ್ನಿಗೇ ಹೋಗಿತ್ತು. ಭಾವನ ಮುಖ ಬಿಳಿಚಿದ್ದನ್ನು ನೋಡಿ ನಾನೂ ತೆಗೆದುಕೊಂಡು ಕೇಳಿದೆ. ಕಡಲೆಕಾಳು. ನಾಲ್ಕಲ್ಲ, ಒಂದು ಮುಷ್ಟಿ.

ಕಿಡಿಗೆ ಮೊದಲೇ ಒಳಗೆ ಬೆಂಕಿ ಹೊತ್ತಿಕೊಳ್ಳುವ ಸದ್ದಂತೆ ಅದು. ಹೀಗೇ ಬಿಟ್ಟರೆ ಒಂದು ದಿನ ಎಂಜಿನ್ನು ತನ್ನನ್ನೇ ಒಡೆದುಕೊಳ್ಳುತ್ತದೆ ಎಂದರು ಎಂಜಿನಿಯರು. ಈ ಎಂಜಿನ್ನಿಗೆ, ಈ ಊರಿನ ಗಾಳಿಗೆ, ನೀವು ಹಾಕಿಸುವ ಪೆಟ್ರೋಲಿಗೆ ಸರಿಯಾಗಿ ಒಂದೇ ಮ್ಯಾಪ್ ಕೂರಿಸಿಕೊಡುತ್ತೇನೆ, ಆದರೆ ಪೆಟ್ಟಿಗೆ ನನ್ನ ಬಳಿ ಬಿಟ್ಟುಹೋಗಬೇಕು, ಇಲ್ಲವಾದರೆ ನಾಳೆ ಅದನ್ನೂ ಅಳಿಸುತ್ತೀರಿ ಎಂದೂ ಹೇಳಿದರು. ಹೊರಡುವಾಗ ಮತ್ತೊಂದು ಮಾತು ಸೇರಿಸಿದರು: ರಸ್ತೆಯಲ್ಲಿ ಈ ಸದ್ದು ಬಂದರೆ ಕಾಲು ಹಗುರ ಮಾಡಿ, ನಿಧಾನ ಮನೆ ಸೇರಿ. ಏನೇ ಆದರೂ ರಸ್ತೆಯಲ್ಲಿ ಪೆಟ್ಟಿಗೆ ಮುಟ್ಟಬೇಡಿ.

ಭಾವ ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಇದ್ದರು. ಗಣಪತಿ ಹಬ್ಬ ಮುಗಿಯಲಿ, ಮರುದಿನವೇ ಕಾರನ್ನೂ ಪೆಟ್ಟಿಗೆಯನ್ನೂ ತರುತ್ತೇನೆ ಎಂದು ದಿನ ಗೊತ್ತುಮಾಡಿ ಬಂದರು. ಅಕ್ಕ ಆ ರಾತ್ರಿ ಗೋಧಿ ಹುಗ್ಗಿ ಮಾಡಿದಳು. ಹಬ್ಬಕ್ಕೆ ಇನ್ನೂ ಶ್ರಾವಣ ಕಳೆಯಬೇಕಿತ್ತು. ಅಲ್ಲಿಯವರೆಗೆ ಆಟವಾಡಿಕೊಳ್ಳಲಿ ಎಂದುಕೊಂಡಳೋ ಏನೋ.

ಆ ಶ್ರಾವಣದಲ್ಲೇ ಪನವೇಲಿನ ನೆಂಟರ ಮನೆಯಲ್ಲಿ ತೊಟ್ಟಿಲ ಕಾರ್ಯ ಬಂತು. ಅಕ್ಕ ಜ್ವರದಿಂದ ಮಲಗಿದ್ದಳು, ಭಾವ ಮತ್ತು ನಾನು ಹೋದೆವು. ಹೋಗುವಾಗ ಘಾಟಿನ ಇಳಿಜಾರಿನಲ್ಲಿ ಕಾರು ಸದ್ದಿಲ್ಲದೆ ಇಳಿಯಿತು. ಹಿಂದಿರುಗುವಾಗ ಬಂಕಿನಲ್ಲಿ ದುಬಾರಿ ಪೆಟ್ರೋಲು ಮುಗಿದಿತ್ತು. ಕಾರಿನಲ್ಲಿದ್ದದ್ದು ಆ ಉಗ್ರ ಮ್ಯಾಪ್. ಭಾವ ಸಾದಾ ಪೆಟ್ರೋಲನ್ನೇ ಹಾಕಿಸಿದರು.

ಮಧ್ಯಾಹ್ನವೇ ಘಾಟಿನಲ್ಲಿ ಮಂಜು ಇಳಿದಿತ್ತು. ಮಳೆ ಹಿಡಿದುಕೊಂಡು ಹೊಡೆಯುತ್ತಿತ್ತು. ಹಳೇ ರಸ್ತೆಯಲ್ಲಿ ಲೋಣಾವಳಾ ಕಡೆಗೆ ಏರತೊಡಗಿದ ಸ್ವಲ್ಪ ಹೊತ್ತಿಗೆ ಕಡಲೆಕಾಳಿನ ಸದ್ದು ಶುರುವಾಯಿತು. ಭಾವ ಕಾಲು ಹಗುರ ಮಾಡಿದರೆ ನಿಲ್ಲುತ್ತಿತ್ತು, ಏರಿಗೆ ಒತ್ತಿದರೆ ಬರುತ್ತಿತ್ತು. ಮುಂದೆ ಕಬ್ಬಿಣದ ಹೇರು ಹೊತ್ತ ಟ್ರಕ್ಕೊಂದು ತೆವಳುತ್ತಿತ್ತು. ಅದರ ಹಿಂದೆಯೇ ನಾವೂ ತೆವಳಿಕೊಂಡು ಹೋಗಿದ್ದರೆ ಮೇಲೆ ತಲುಪಿ ಚಿಕ್ಕಿ ಕೊಳ್ಳುತ್ತಿದ್ದೆವು. ಈ ಮಾತನ್ನು ನಾನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೆ ತಪ್ಪು ಗಾಜು ಹಾಕಿಕೊಂಡ ಕಣ್ಣನ್ನು ನೋಡುತ್ತ ಕೂರಲು ಭಾವನಿಂದ ಎಂದೂ ಆಗಿರಲಿಲ್ಲ. ತಿರುವು ದಾಟಿದೊಡನೆ, ಮುಚ್ಚಿದ ಚಹಾದಂಗಡಿಯ ಮುಂದೆ, ರಸ್ತೆಯ ಅಂಚಿಗೆ ಕಾರು ನಿಲ್ಲಿಸಿ ಪೆಟ್ಟಿಗೆ ತೆಗೆದರು.

"ಭಾವಾ, ರಸ್ತಾದಾಗ ಮುಟ್ಟಬ್ಯಾಡ್ರಿ ಅಂದಾರ ಅವರು," ಎಂದೆ.

"ಎಂಜಿನ್ ಸಾಯ್ತದ. ಸೌಮ್ಯ ಮ್ಯಾಪ್ ಹಾಕಿಬಿಡ್ತೇನಿ, ಈಗ ಆಗ್ತದ," ಎಂದರು. ಸ್ವಿಚ್ಚುಗಳು ಒಂದೊಂದಾಗಿ ಆರಿದವು, ವೈಪರು, ಎ.ಸಿ., ಮುಂದಿನ ದೀಪ, ಕೊನೆಗೆ ಹಿಂದೆ ಮಿನುಗುತ್ತಿದ್ದ ಅಪಾಯದ ದೀಪವೂ. ಗಾಜಿನ ಮೇಲೆ ನೀರು ಇಳಿದು ಹೊರಗಿನದೆಲ್ಲ ಅಳಿಸಿತು. ಪೆಟ್ಟಿಗೆಯ ತೆರೆಯಲ್ಲಿ ಹಸಿರು ಗೆರೆಯೊಂದು ಮೆಲ್ಲಗೆ ಬೆಳೆಯತೊಡಗಿತು. ಭಾವ ಬಗ್ಗಿ ಹೆಬ್ಬೆರಳಿನಿಂದ ವೈರನ್ನು ಒತ್ತಿ ಹಿಡಿದರು. ಹಿಂದಿನಿಂದ ಯಾವುದೋ ಗಾಡಿ ಹಾರ್ನು ಹೊಡೆಯುತ್ತ ನಮ್ಮನ್ನು ಸವರಿಕೊಂಡು ಹೋಯಿತು. ಇಡೀ ಕಾರು ಅಲ್ಲಾಡಿತು. ಭಾವ ಕನ್ನಡಿಯಲ್ಲಿ ನೋಡಿದರು. ಅಲ್ಲಿ ಏನೂ ಇರಲಿಲ್ಲ, ಬಿಳುಪು ಮಾತ್ರ. ಹಿಂದಿನಿಂದ ಬರುವವರಿಗೆ ನಾವು ಕಾಣುವುದಿಲ್ಲವೆಂದು ಅವರಿಗೆ ಆಗ ಅರ್ಥವಾಯಿತೆಂದು ನನಗೆ ಅನಿಸುತ್ತದೆ. ಗೆರೆ ಅರ್ಧಕ್ಕೆ ಬಂದಿತ್ತು.

"ಸಣ್ಣಾಕಿ, ನೀ ಇಳಿ. ಆ ಕಟ್ಟಿ ಆಚೆ ಹೋಗಿ ನಿಂದ್ರು."

ಮಳೆ ಎಂದೆ. ನೀವೂ ಇಳಿಯಿರಿ ಎಂದೆ. ಕೈ ಬಿಟ್ಟರೆ ಕಾರು ಇಲ್ಲೇ ಸಾಯುತ್ತದೆ, ರಸ್ತೆಯಲ್ಲಿ ದೀಪವಿಲ್ಲದೆ ಬಿದ್ದಿರುತ್ತದೆ, ಇನ್ನು ಸ್ವಲ್ಪವೇ ಉಳಿದಿದೆ ಎಂದರು. ನಾನು ಅಲುಗಲಿಲ್ಲ. ಆಗ ಅವರು ಖಾಲಿಯಿದ್ದ ಕೈ ಚಾಚಿ ನನ್ನ ಕನ್ನಡಕ ಎತ್ತಿಕೊಂಡರು. ಅದರ ಮೇಲೆ ಹಬೆ ಕೂತಿತ್ತು. ಒಂದೇ ಕೈಯಲ್ಲಿ, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಮೂಗಿಗೆ ಏರಿಸಿದರು.

"ನಾ ಕೇಳಾಕತ್ತಿಲ್ಲ. ಇಳಿ," ಎಂದರು.

ಅಂಥ ದನಿ ಅವರದೆಂದು ನನಗೆ ಗೊತ್ತೇ ಇರಲಿಲ್ಲ. ಇಳಿದೆ. ರಸ್ತೆಯ ಬದಿಯ ಗಿಡ್ಡ ಕಟ್ಟೆಯನ್ನು ದಾಟಿ ಹಿಂದಿರುಗಿ ನೋಡಿದೆ. ಒಳಗೆ ಅವರ ಬಗ್ಗಿದ ಬೆನ್ನು ಕಾಣುತ್ತಿತ್ತು. ತಿರುವಿನ ಕಡೆಯಿಂದ ಮಂಜು ಸ್ವಲ್ಪ ಹಳದಿಯಾಯಿತು, ಆಮೇಲೆ ಇನ್ನೊಂದು ಟ್ರಕ್ಕು ಬಂತು. ಅದರ ಚಾಲಕನನ್ನು ನಾನು ಎಂದೂ ಬೈದಿಲ್ಲ. ಬೂದಿ ಬಣ್ಣದ, ದೀಪವಿಲ್ಲದ ಕಾರು ಆ ಮಂಜಿನಲ್ಲಿ ಯಾರಿಗೆ ಕಂಡೀತು? ನನಗೆ ಮಾತ್ರ ಎಲ್ಲ ಸ್ಪಷ್ಟವಾಗಿ ಕಂಡಿತು. ಭಾವ ಒರೆಸಿಕೊಟ್ಟ ಕನ್ನಡಕ ಅದು.

ಗಣಪತಿ ಹಬ್ಬ ಕಳೆದ ಮರುದಿನ ಭೋಸರಿಯಿಂದ ಫೋನು ಬಂತು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಉರುಳೆ ಖಾಲಿ ಇಟ್ಟುಕೊಂಡು ಕಾಯುತ್ತಿದ್ದೇನೆ, ಯಾಕೆ ಬರಲಿಲ್ಲ ಎಂದು ಎಂಜಿನಿಯರು ಕೇಳಿದರಂತೆ. ಅಕ್ಕ ಮರಾಠಿಯಲ್ಲಿ, ಅವರು ಬರುವುದಿಲ್ಲ ಎಂದಷ್ಟೇ ಹೇಳಿ ಫೋನಿಟ್ಟು, ಒಲೆಯ ಮುಂದೆ ಹೋಗಿ ನಿಂತಳು. ಈಗ ಅಂಗಡಿಯನ್ನು ಅವಳೇ ನಡೆಸುತ್ತಾಳೆ. ಕಣ್ಣು ಪರೀಕ್ಷೆಗೆ ಒಬ್ಬ ತರುಣಿಯನ್ನು ಇಟ್ಟುಕೊಂಡಿದ್ದಾಳೆ. ನನ್ನ ನಂಬರು ಬದಲಾದಾಗ ಗಾಜು ಹೊಸದು ಹಾಕಿಸುತ್ತೇನೆ, ಚೌಕಟ್ಟು ಅದೇ. ಅದರ ಕಡ್ಡಿಯನ್ನು ಯಾರೂ ಬಗ್ಗಿಸಕೂಡದೆಂದು ಮೊದಲೇ ಹೇಳಿಬಿಡುತ್ತೇನೆ.

ಆ ಹುಡುಗಿ ಒಂದು ಗಾಜು ತೆಗೆದು ಇನ್ನೊಂದು ಇಟ್ಟು, ಹೇ ಚಾಂಗ್ಲ ಕೀ ತೇ ಚಾಂಗ್ಲ ಎಂದು ಕೇಳುವಾಗ ನನಗೆ ಬೇಗ ಉತ್ತರ ಬರುವುದಿಲ್ಲ. ಅವಳು ತಾಳ್ಮೆಯಿಂದ ಕಾಯುತ್ತಾಳೆ, ಭಾವ ಕಾಯುತ್ತಿದ್ದ ಹಾಗೆ. ಎಲ್ಲರನ್ನೂ ಕೇಳಿ ಕೇಳಿಯೇ ಬದುಕಿದ ಮನುಷ್ಯ ಅವರು. ಅಂಥವರು ಒಮ್ಮೆ ನನ್ನನ್ನು ಕೇಳಲಿಲ್ಲ, ಅದಕ್ಕೇ ನಾನು ಈ ಕುರ್ಚಿಯಲ್ಲಿ ಕೂತಿದ್ದೇನೆ.