ಹುಟ್ಟುಗೋಲಿಗೆ ಸುತ್ತಿದ ಸೀರೆ

ಮಾಳಿಗೆಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದೆ. ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಹಿಟ್ಟು ಬಿಸಿಯಿರುವಾಗಲೇ ಒತ್ತಿಬಿಡಬೇಕು, ಆರಿದರೆ ಸಂಡಿಗೆ ಒತ್ತುವ ಒರಳಿನಲ್ಲಿ ಇಳಿಯುವುದಿಲ್ಲ. ಹಾಗಾಗಿ ತಲೆ ಎತ್ತದೆ ಒತ್ತುತ್ತಿದ್ದೆ. ಪಕ್ಕದ ಮನೆಯ ಅಕ್ಕ ಬಟ್ಟೆ ಒಗೆದು ಹೊಳೆಯಿಂದ ಬಂದವಳು ಬೀದಿಯಲ್ಲೇ ನಿಂತು ಮೇಲಕ್ಕೆ ನೋಡಿದಳು.

"ನಿಮ್ಮೋರು ಅರಿಗೋಲು ನೀರಿಗಿಳಿಸವ್ರೆ ಕಣವ್ವ. ನಡುನೀರ್ಗೇ ಓಗ್ಬುಟ್ಟವ್ರೆ. ಒಳಗೆ ಯಾರೋ ಒಬ್ರು ಕುಂತಂಗದೆ."

ನನ್ನ ಕೈ ಅಲ್ಲೇ ನಿಂತಿತು. ಅಕ್ಕ ಬಟ್ಟೆಯ ಬಕೆಟ್ಟು ಇಳಿಸಿ ತಾನೇ ಏಣಿ ಹತ್ತಿ ಬಂದಳು. ಕಾಗೆ ತಾನು ನೋಡಿಕೊಳ್ಳುತ್ತೇನೆ, ನೀನು ಹೋಗು ಎಂದಳು. ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಇಳಿದೆ. ಅತ್ತೆಗೆ ಹೇಳೋಣವೆಂದರೆ ಅವರು ಮನೆಯಲ್ಲಿರಲಿಲ್ಲ. ಎಲೆ ಅಡಿಕೆ ತರುತ್ತೇನೆಂದು ಬೆಳಿಗ್ಗೆಯೇ ಹೊರಟಿದ್ದರು.

ಇದು ತೊಂಬತ್ತರ ದಶಕದ ನಡುವಿನ ಮಾತು. ನನ್ನ ತವರು ನಂಜನಗೂಡು, ಕೊಟ್ಟದ್ದು ನರಸೀಪುರಕ್ಕೆ. ಕಪಿಲೆಯ ದಡದಲ್ಲಿ ಹುಟ್ಟಿದವಳು, ಅದೇ ಕಪಿಲೆ ಕಾವೇರಿಯನ್ನು ಸೇರುವ ಕಡೆ ಬಂದು ಸೇರಿದೆ. ನಮ್ಮ ಮಾವನವರು ಸಂಗಮದಲ್ಲಿ ಹರಿಗೋಲು ನಡೆಸುತ್ತಿದ್ದವರು, ಅವರಾದ ಮೇಲೆ ನಮ್ಮ ಯಜಮಾನರು. ಹೊಳೆ ತುಂಬಿ ಹರಿಯುವಾಗ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ ಬೇರೆ ಕೆಲಸಕ್ಕೆ ಹೋಗುವುದು ವಾಡಿಕೆ. ಹಿಂದಿನ ಮಳೆಗಾಲದಲ್ಲಿ ಹಾಗೆ ಆಲೆಮನೆಗೆ ಹೋಗಿದ್ದರು. ಕಬ್ಬಿನ ಜೊತೆಗೆ ಬಲಗೈ ಗಾಣಕ್ಕೆ ಸಿಕ್ಕಿತು. ಪಕ್ಕದಲ್ಲಿದ್ದವರು ತಕ್ಷಣ ಎಂಜಿನ್ ನಿಲ್ಲಿಸಿದ್ದರಿಂದ ಕಿರುಬೆರಳು, ಉಂಗುರದ ಬೆರಳು ಎರಡೇ ಹೋದವು. ಎರಡೇ ಎಂದು ಬರೆಯಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಣಿಕಟ್ಟಿನ ತನಕ ಕಳೆದುಕೊಂಡು ಮಲಗಿದವರನ್ನು ಕಂಡು ಬಂದವಳು ನಾನು.

ಗಾಯ ಮಾಯಿತು. ಆದರೆ ಹುಟ್ಟು ಹಿಡಿಯುವ ಬಿಗಿ ಇರುವುದೇ ಆ ಎರಡು ಬೆರಳಿನಲ್ಲಂತೆ. ಅದು ನಮಗೆ ಗೊತ್ತಾದದ್ದು ಅವು ಹೋದ ಮೇಲೆ. ಹೊಳೆಯ ಘಟ್ಟದಲ್ಲಿ ಹರಿಗೋಲಿನವರಿಗೆ ಸರದಿ ಇರುತ್ತದೆ, ಒಬ್ಬರಾದ ಮೇಲೆ ಒಬ್ಬರು ಜನ ಕೂರಿಸಿಕೊಳ್ಳಬೇಕು. ಉಳಿದವರು ಪುಣ್ಯವಂತರು, ನಮ್ಮ ಯಜಮಾನರ ಸರದಿಯನ್ನು ಬೇರೆಯವರಿಗೆ ಕೊಡದೆ ಹಾಗೇ ಬಿಟ್ಟಿದ್ದರು. ಬೇಸಿಗೆ ಮುಗಿಯುವವರೆಗೆ ನೋಡೋಣ ಎಂದಿದ್ದರು. ಅಷ್ಟರೊಳಗೆ ಹುಟ್ಟು ಹಿಡಿಯಲಾಗದಿದ್ದರೆ ಸರದಿಯೂ ಇಲ್ಲ, ಹರಿಗೋಲೂ ಇಲ್ಲ.

ಹುಟ್ಟುಗೋಲಿನ ಹಿಡಿಗೆ ಮಾವನವರ ಕಾಲದಲ್ಲಿ ಸುತ್ತಿದ ಬಟ್ಟೆ ಬೆವರು ಕುಡಿದು ಕಪ್ಪಾಗಿ, ಮೂಲೆಯಲ್ಲಿ ನಿಂತೂ ನಿಂತೂ ಲಡ್ಡಾಗಿ ಉದುರುತ್ತಿತ್ತು. ಅದನ್ನು ಕಿತ್ತು ಹೊಸದು ಸುತ್ತಬೇಕಿತ್ತು. ಆ ಕೆಲಸ ಅತ್ತೆ ಮಾಡಿದರು. ಮಗನ ಕೈ ಉಳಿದರೆ ಉರುಳು ಸೇವೆ ಮಾಡುತ್ತೇನೆಂದು ನಂಜುಂಡೇಶ್ವರನಿಗೆ ಹೇಳಿಕೊಂಡಿದ್ದವರು, ಆ ವಯಸ್ಸಿನಲ್ಲಿ ಒದ್ದೆ ಸೀರೆಯಲ್ಲಿ ಉರುಳಿ ಹರಕೆ ತೀರಿಸಿ ಬಂದರು. ಅಲ್ಲಿ ದೇವರ ಮೈಮೇಲಿದ್ದ ರೇಷ್ಮೆ ವಸ್ತ್ರದ ತುಂಡೊಂದು ಪ್ರಸಾದವಾಗಿ ಸಿಕ್ಕಿತ್ತು. ಅದನ್ನೇ ತಂದು ಹಿಡಿಗೆ ಸುತ್ತಿದರು. ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡು ಹೊಳೆಗೆ ಹೋದರು.

ರೇಷ್ಮೆ ನೀರು ಸೋಕಿದೊಡನೆ ಜಾರಿತು. ಮೆಟ್ಟಿಲ ಬಳಿಯ ಮೊಣಕಾಲುದ್ದ ನೀರಿನಲ್ಲೇ ಹುಟ್ಟು ಕೈತಪ್ಪಿ ತೇಲಿಹೋಯಿತು. ಬೇರೆ ಹರಿಗೋಲಿನವರು ಹಿಡಿದು ತಂದುಕೊಟ್ಟರು. ಮೆಟ್ಟಿಲ ಮೇಲೆ ಜನ ನೋಡುತ್ತಿದ್ದರು. ಮನೆಗೆ ಬಂದವರು ಹುಟ್ಟನ್ನು ಬಾಗಿಲ ಹಿಂದೆ ಒರಗಿಸಿ, ಈ ಕೈಗೆ ಇನ್ನು ಆಗಲ್ಲ ಕಣಮ್ಮಿ ಎಂದರು. ತಪ್ಪೆಲ್ಲ ಕೈಯದೇ ಎಂದರು. ದೇವರ ಬಟ್ಟೆಯನ್ನು ದೂರುವುದುಂಟೇ?

ಅಲ್ಲಿಗೆ ಹುಟ್ಟು ಬಾಗಿಲ ಹಿಂದಿನ ದೇವರಾಯಿತು. ಸೋಮವಾರ ಸೋಮವಾರ ಅತ್ತೆ ಅದಕ್ಕೆ ವಿಭೂತಿ ಇಟ್ಟು ಹೂವು ಮುಡಿಸುವರು. ಯಜಮಾನರು ಅದರ ಕಡೆ ತಿರುಗದೆ ಓಡಾಡುವರು. ನಾನು ನೆಲ ಸಾರಿಸುವಾಗ ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಮತ್ತೆ ತಂದು ನಿಲ್ಲಿಸುತ್ತಿದ್ದೆ. ಹಾಗೊಂದು ದಿನ ಎತ್ತುವಾಗ ಸಾರಿಸಿದ ಒದ್ದೆ ಕೈಯಿಂದ ಸರಕ್ಕನೆ ಜಾರಿ ಗೋಡೆಗೆ ಬಡಿಯಿತು. ನನಗೋ ಐದೂ ಬೆರಳಿದ್ದವು.

ಜಾರುವುದು ಕೈಯಲ್ಲ, ರೇಷ್ಮೆ ಎಂದು ಅತ್ತೆಗೆ ಹೇಗೆ ಹೇಳುವುದು? ಅವರು ಅದಕ್ಕಾಗಿ ಉರುಳಿದವರು. ಮಧ್ಯಾಹ್ನ ಅವರು ಎಲೆ ಹಾಕಿಕೊಂಡು ಸಮಾಧಾನವಾಗಿ ಕೂತಿದ್ದಾಗ ತಂಬಿಗೆ ನೀರು ತಂದಿಟ್ಟು, ಕೈ ಒದ್ದೆ ಮಾಡಿಕೊಂಡು ಒಮ್ಮೆ ಹಿಡಿದು ನೋಡಿ ಅತ್ತೆ ಎಂದೆ. ಹಿಡಿದರು. ಬಿಗಿಯಾಗಿ ಹಿಡಿದರು. ನಾನು ಇನ್ನೊಂದು ತುದಿಯಿಂದ ಸ್ವಲ್ಪ ಎಳೆದೆ. ಹುಟ್ಟು ನನ್ನ ಕಡೆ ಬಂತು, ಅವರ ಕೈ ಅಲ್ಲೇ ಉಳಿಯಿತು. ಬಿಚ್ಚಿ ಎಂದು ಹೇಳುವ ಧೈರ್ಯ ನನಗಿಲ್ಲ, ಬಿಚ್ಚುವ ಮನಸ್ಸು ಅವರಿಗಿಲ್ಲ.

ಕೊನೆಗೆ ಅವರೇ ಕೇಳಿದರು. "ನಿನ್ನ ಸೀರೆ ಜಾರಕಿಲ್ವ?"

"ನಂದು ಹತ್ತಿ ಸೀರೆ ಅತ್ತೆ. ಒದ್ದೆಯಾದ್ರೆ ಇನ್ನೂ ಹಿಡ್ಕೊಳುತ್ತೆ."

"ಅಂಗಾರೆ ಇದರ ಮೇಲೇ ಸುತ್ತು. ದೇವ್ರು ಒಳಗಿರ್ಲಿ. ಗುಡಿಲೂ ಒಳಗೇ ತಾನೆ ಅವನು ಇರಾದು."

ನನಗೆ ಆ ಮಾತು ಹೊಳೆದಿರಲಿಲ್ಲ. ಎಷ್ಟು ಪೂಜೆ ಮಾಡಿದರೂ ನನಗೆ ಹೊಳೆಯುತ್ತಿರಲಿಲ್ಲ.

ನೂರಾರು ಸಲ ಒಗೆದು ಮೆತ್ತಗಾಗಿದ್ದ ನೀಲಿ ಸೀರೆಯನ್ನು ಉದ್ದುದ್ದಕ್ಕೆ ಪಟ್ಟಿ ಹರಿದೆ. ಪಟ್ಟಿಯನ್ನು ನೆನೆಸಿ ಹಿಂಡಿ ಸುತ್ತಬೇಕು, ಒಣಗಿದಾಗ ತಾನಾಗಿ ಬಿಗಿಯುತ್ತದೆ. ಅತ್ತೆ ಹುಟ್ಟನ್ನು ತೊಡೆಯ ಮೇಲಿಟ್ಟು ತಿರುಗಿಸುವರು, ನಾನು ಎಳೆದೆಳೆದು, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಕೂರುವಂತೆ ಸುತ್ತುತ್ತಿದ್ದೆ. ಎಷ್ಟು ದಪ್ಪ ಬೇಕೆಂದು ನನಗೆ ಗೊತ್ತಿತ್ತು. ಮುದ್ದೆ ತೊಳಸುವಾಗ ಯಜಮಾನರು ಒಮ್ಮೊಮ್ಮೆ ಕೋಲು ಇಸಿದುಕೊಳ್ಳುವರು, ಆ ದಪ್ಪ ಕೋಲನ್ನು ಮೂರು ಬೆರಳಿನಲ್ಲೂ ಬಿಗಿಯಾಗಿ ತಿರುಗಿಸುವರು. ಮುದ್ದೆ ಕೋಲನ್ನು ಪಕ್ಕದಲ್ಲಿಟ್ಟುಕೊಂಡು ಅದೇ ದಪ್ಪ ಬರುವ ತನಕ ಸುತ್ತಿದೆ. ಒಳಗಿನ ರೇಷ್ಮೆಯೂ ದಪ್ಪಕ್ಕೆ ಒದಗಿತು. ತುದಿಗಳಿಗೆ ಹುರಿ ಬಿಗಿದೆ. ಅತ್ತೆ ಹಲ್ಲಿನಿಂದ ಹುರಿ ಕಡಿದು, ಸೊಸೆ ಸೀರೆ ಮೇಲೆ, ದೇವರ ಬಟ್ಟೆ ಕೆಳಗೆ, ಇದೆಂಥ ಕಾಲ ಬಂತು ಎಂದು ನಕ್ಕರು. ಯಜಮಾನರಿಗೆ ಏನೂ ಹೇಳದೆ ಮತ್ತೆ ಬಾಗಿಲ ಹಿಂದೆ ನಿಲ್ಲಿಸಿ ವಿಭೂತಿ ಇಟ್ಟೆವು.

ಅದಾದ ಮೇಲೆ ಬಂದದ್ದೇ ಈ ಸಂಡಿಗೆಯ ದಿನ.

ಹೊಳೆ ತಲುಪಿದಾಗ ಹರಿಗೋಲು ನಡುನೀರು ದಾಟಿತ್ತು. ಹುಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳುತ್ತಿತ್ತು. ನೀಲಿ ಪಟ್ಟಿ ಬಿಸಿಲಿಗೆ ಕಾಣುತ್ತಿತ್ತು. ಆಮೇಲೆ ಒಳಗೆ ಕೂತವರ ಕಡೆ ನೋಡಿದೆ. ಸೆರಗನ್ನು ತಲೆಗೆ ಬಿಗಿದು, ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಕ್ಕೆ ಬಾಗಿ ಕೂತಿದ್ದವರು ನಮ್ಮತ್ತೆ.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರಿಗೆ ಈಜು ಬರುವುದಿಲ್ಲ. ಹುಟ್ಟು ತಪ್ಪಿದರೆ ಇಬ್ಬರೂ ಸೆಳವಿನ ಪಾಲು. ಪಂಚಾಕ್ಷರಿ ಹೇಳಲು ಹೋದರೆ ನಡುವೆ ಮಾತೇ ಮರೆಯುತ್ತಿತ್ತು. ಆಚೆ ದಡಕ್ಕೆ ಮುಟ್ಟಿದರು, ತಿರುಗಿಸಿದರು, ಮತ್ತೆ ಈಚೆಗೆ ಹೊರಟರು. ಬರುವಾಗ ಸೆಳವು ಹರಿಗೋಲನ್ನು ಒಂದು ಸುತ್ತು ತಿರುಗಿಸಿತು. ಯಜಮಾನರು ಹುಟ್ಟನ್ನು ಎದೆಗೆಳೆದು ಊರಿ ಹಿಡಿದರು. ಹಿಡಿ ಕದಲಲಿಲ್ಲ. ಹರಿಗೋಲು ನಿಂತು, ನೆಟ್ಟಗಾಗಿ, ದಡಕ್ಕೆ ಬಂತು.

ಘಟ್ಟದವರು ಬಂದು ಹಿಡಿದುಕೊಂಡರು. ಅವರಲ್ಲಿ ಹಿರಿಯವನೊಬ್ಬ, ಬಾಡಿಗೆ ಕೊಟ್ಟು ಇಳೀರವ್ವ ಎಂದು ಅತ್ತೆಯನ್ನು ಕಾಡಿದ. ಅವರು ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ಮಗನ ಬಲಗೈಗೇ ಇಟ್ಟರು. ನಾಳೆ ಮೊದಲ ಸರದಿ ನಿಂದೇ ಕಣ್ಲಾ ಎಂದ ಆ ಹಿರಿಯ. ಯಜಮಾನರು ತಲೆಯಾಡಿಸಿ, ಹುಟ್ಟನ್ನು ಹೆಗಲಿಗೇರಿಸಿಕೊಂಡರು.

ಯಾಕೆ ಹೇಳದೆ ಹೋದಿರಿ ಎಂದು ದಾರಿಯಲ್ಲಿ ಅತ್ತೆಯನ್ನು ಕೇಳಿದೆ. ಎಲೆ ತರಲು ಹೊರಟಾಗ ಮಗ ಬಾಗಿಲ ಹಿಂದೆ ನಿಂತು ಹಿಡಿಯನ್ನು ಹಿಡಿದು ಹಿಡಿದು ನೋಡುತ್ತಿದ್ದನಂತೆ. ಅತ್ತೆ ಏನೂ ಕಾಣದವರಂತೆ, ನನ್ನನ್ನು ಆಚೆ ದಡದ ದೇವಸ್ಥಾನಕ್ಕೆ ದಾಟಿಸು ಬಾ ಎಂದರಂತೆ.

"ದರ್ಶನ ಆಯ್ತಾ ಅತ್ತೆ?"

"ಎಲ್ಲಿ ಆಯ್ತವ್ವ. ಓಗ್ತಾ ಬರ್ತಾ ಅವನ ಕೈನೇ ನೋಡ್ತಿದ್ದೆ. ಗುಡಿಗೆ ಇನ್ನೊಂದ್ಸಲ ಓಗ್ಬೇಕು."

ಹಿಂದೆ ಬರುತ್ತಿದ್ದ ಯಜಮಾನರು, ಬಟ್ಟೆ ಮಳೆಗಾಲದ ತನಕ ಬರಬಹುದು, ಆಮೇಲೆ ಬೇರೆ ಸುತ್ತಬೇಕು ಎಂದರು. ಅಷ್ಟೇ ಎಂದದ್ದು. ಆಮೇಲಿನ ವರ್ಷಗಳಲ್ಲಿ ನನ್ನ ಎಷ್ಟೋ ಸೀರೆ ಆ ಹಿಡಿಗೆ ಹೋದವು. ಮೇಲಿನದನ್ನು ಬಿಚ್ಚುವಾಗೆಲ್ಲ ಒಳಗಿನ ರೇಷ್ಮೆಯನ್ನು ಕಣ್ಣಿಗೊತ್ತಿಕೊಂಡು ಹಾಗೇ ಬಿಡುತ್ತಿದ್ದೆ.

ಮನೆಗೆ ಬಂದಾಗ ಪಕ್ಕದ ಅಕ್ಕ ಕೋಲು ಹಿಡಿದು ಮಾಳಿಗೆಯ ಮೇಲೆ ಕಾಗೆ ಕಾಯುತ್ತಲೇ ಇದ್ದಳು. ಪಾತ್ರೆಯಲ್ಲಿ ಉಳಿದ ಹಿಟ್ಟು ಆರಿ ಗಟ್ಟಿಯಾಗಿತ್ತು. ಕೈ ತೊಳೆದುಕೊಂಡು, ಬಿಸಿನೀರು ಚಿಮುಕಿಸಿ ನಾದಿ, ಒರಳಿಗೆ ತುಂಬಿಕೊಂಡು ಮತ್ತೆ ಏಣಿ ಹತ್ತಿದೆ.