ಸಾಹೇಬನನ್ನು ಕುರ್ಚಿಯಿಂದ ಎಬ್ಬಿಸಿದ ಗಾಲಿಯಣ್ಣ

ಗಾಲಿಯಣ್ಣನ ಮುತ್ತಜ್ಜ ಮೇನೆ ಹೊರುತ್ತಿದ್ದವನು. ಒಳಗೆ ಕೂತ ಧಣಿ ಕೋಲಿನಿಂದ ಬೆನ್ನಿಗೆ ತಿವಿದನೆಂದು, ಜೊತೆಯವರನ್ನೂ ಒಪ್ಪಿಸಿ ನಡುಹೊಳೆಯಲ್ಲೇ ಮೇನೆ ಇಳಿಸಿ ದಡ ಸೇರಿದ ಭೂಪ. ಅಜ್ಜ ಕೈರಿಕ್ಷಾ ಎಳೆದ. ಹೆರಿಗೆ ನೋವಿನ ಹೆಂಗಸರನ್ನು ಬಿಡಿಗಾಸೂ ಕೇಳದೆ ಆಸ್ಪತ್ರೆ ಮುಟ್ಟಿಸಿದ. ಅಪ್ಪ ರೈಲು ನಿಲ್ದಾಣದಲ್ಲಿ ಪೆಟ್ಟಿಗೆ ಹೊತ್ತು ಹೊತ್ತು ನೆತ್ತಿ ಬೋಳಾಗಿಸಿಕೊಂಡ. ಅಂಥವರ ಕುಡಿ ಈ ಗಾಲಿಯಣ್ಣ, ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳುತ್ತಾನೆ. ಮನೆಯಲ್ಲಿ ದುಡಿಯುವ ಕೈ ಅವನದೊಂದೇ.

ನಡೆಯಲಾರದವರನ್ನು ತಳ್ಳುವುದೆಂದರೆ ಅವನಿಗೆ ಹೆಮ್ಮೆ. ಮೈ ಉರಿಯುವುದು ಕಳ್ಳ ಕುಂಟರನ್ನು ಕಂಡಾಗ. ಕುರ್ಚಿಯಲ್ಲಿ ಕೂತವರು ತಪಾಸಣೆಗೆ ಸಾಲು ನಿಲ್ಲಬೇಕಿಲ್ಲ. ಅದಕ್ಕೇ ಗುಂಡುಕಲ್ಲಿನಂಥವರೂ ಮಂಡಿನೋವು ಎಂದು ಮುಲುಕುತ್ತಾರೆ. ತಪಾಸಣೆ ದಾಟಿದ್ದೇ ತಡ, ಎದ್ದು ಅಂಗಡಿಗಳ ಕಡೆ ದಾಪುಗಾಲು ಹಾಕುತ್ತಾರೆ. ವಿಮಾನ ಬಂದು ಜಗತ್ತು ಅಂಗೈಯಗಲ ಆಯಿತಂತೆ! ಯಾರಿಗೆ ಆಯಿತು? ಸುಳ್ಳು ಹೇಳಬಲ್ಲವನಿಗೆ.

ಆವತ್ತು ಬೆಳಿಗ್ಗೆ ಉಳಿದದ್ದು ಒಂದೇ ಕುರ್ಚಿ. ಸೂಟಿನವನೊಬ್ಬ ಅದರಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಮಧ್ಯಾಹ್ನ ಅಲ್ಲಿ ಮೀಟಿಂಗು, ರಾತ್ರಿ ಊಟಕ್ಕೆ ಇನ್ನೊಂದು ದೇಶ" ಎಂದು ಫೋನಿನಲ್ಲಿ ನಗುತ್ತಿದ್ದ. ಪಕ್ಕದಲ್ಲೇ ಒಬ್ಬ ಮುದುಕಿ ಗೋಡೆ ಹಿಡಿದು ನಿಂತಿದ್ದಳು. ಪಾದ ಬಾತು ಚಪ್ಪಲಿ ಕೈಗೆ ಬಂದಿತ್ತು. ಪರದೇಶದಲ್ಲಿ ದಾದಿಯಾಗಿರುವ ಮಗಳ ಚೊಚ್ಚಲ ಹೆರಿಗೆಗೆ ಹೊರಟವಳು.

"ಸಾಹೇಬ್ರೇ, ಏಳಿ. ಈ ಅಮ್ಮ ಕೂತ್ಕೊಳ್ಲಿ."

"ಯಾರ ಹತ್ರ ಮಾತಾಡ್ತಿದೀಯ ಗೊತ್ತೇನಯ್ಯಾ?"

"ಗೊತ್ತಿಲ್ದೆ ಏನು! ಹೋದ್ವಾರ ಇದೇ ಕುರ್ಚಿಯಿಂದ ಎದ್ದು ಓಡಿದ್ರಲ್ಲ. ಮರ್ತ ಬ್ಯಾಗ್ ಕೊಡೋಕೆ ನಿಮ್ಮ ಹಿಂದೆ ಓಡಿ ನಂಗೇ ಏದುಸಿರು ಬಂತು!"

ಸಾಹೇಬ ಅಲುಗಲಿಲ್ಲ. ಗಾಲಿಯಣ್ಣ ಕುರ್ಚಿಯನ್ನು ಮುಂದಕ್ಕೆ ವಾಲಿಸಿದ. ಕುಂಟ ಚಂಗನೆ ಜಿಗಿದು ಎರಡೂ ಕಾಲ ಮೇಲೆ ನೆಟ್ಟಗೆ ನಿಂತ. ಸಾಲಿನವರೆಲ್ಲ ಗೊಳ್ಳೆಂದರು. ಮುದುಕಿಯನ್ನು ವಿಮಾನದ ಬಾಗಿಲಿಗೆ ಮುಟ್ಟಿಸಿ ಬರುವಷ್ಟರಲ್ಲಿ ಗಾಲಿಯಣ್ಣನಿಗೆ ಕಚೇರಿಯಿಂದ ಕರೆ ಬಂದಿತ್ತು.

ಮೇಲ್ವಿಚಾರಕ ಅವನ ಹೆಂಡತಿಯ ತಮ್ಮನೇ. ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ: "ಭಾವ, ಆ ಸಾಹೇಬ ದೂರು ಕೊಟ್ಟಿದಾನೆ, ನಾನು ವರದಿ ಬರೀಬೇಕು. ಕೆಲ್ಸ ಹೋಗತ್ತೆ. ತಲೆ ಸುತ್ತು ಬಂತು, ಕೈ ಜಾರ್ತು ಅಂದ್ಬಿಡಿ. ಡಾಕ್ಟರ್ ಚೀಟಿ ನಾನು ತರ್ತೀನಿ. ಅಕ್ಕನ ಮುಖನಾದ್ರೂ ನೋಡಿ."

ಗಾಲಿಯಣ್ಣ ಸಮವಸ್ತ್ರದ ಗುಂಡಿ ಬಿಚ್ಚತೊಡಗಿದ.

"ಚೀಟಿ ನೀನೇ ಇಟ್ಕೊ ಬಾಮೈದ. ಅವನ ಕುಂಟು, ನನ್ನ ತಲೆಸುತ್ತು, ಎರಡೂ ಒಂದೇ ಅಂಗಡಿ ಸರಕು. ಕೈ ಜಾರ್ಲಿಲ್ಲ, ಬೇಕಂತ್ಲೇ ಎಬ್ಬಿಸ್ದೆ. ಹಾಗೇ ಬರಿ. ನಿಮ್ಮಕ್ಕಂಗೆ ನಾನೇ ಹೇಳ್ಕೋತೀನಿ, ನೀನು ಜೊತೆಗೂ ಬರ್ಬೇಡ."