ಕಲ್ಲಪ್ಪ ಹುಡುಕಿದ ಸಂತೋಖ್ ಸಿಂಗ್

ಅಮೃತಸರದ ಸ್ವರ್ಣಮಂದಿರದ ಬಾಗಿಲಲ್ಲಿ, ಒಳಗೆ ಹೋಗುವವರ ಕಾಲು ತಾನಾಗಿ ತೊಳೆದುಹೋಗಲಿ ಎಂದು ಸಣ್ಣದೊಂದು ನೀರಿನ ಹೊಂಡ ಮಾಡಿದ್ದಾರೆ. ೧೯೫೯ರ ಜನವರಿಯ ಒಂದು ಬೆಳಿಗ್ಗೆ ನಾನು ಅದಕ್ಕೆ ಕಾಲುಚೀಲ ಸಮೇತ ಇಳಿದೆ. ಬೂಟು ಬಿಡಬೇಕೆಂದು ಗೊತ್ತಿತ್ತು, ಬಿಟ್ಟಿದ್ದೆ. ತಲೆ ಮುಚ್ಚಬೇಕೆಂದು ಗೊತ್ತಿತ್ತು, ಮಂಕಿ ಟೋಪಿ ಹಾಕಿದ್ದೆ. ಕಾಲುಚೀಲದ ಸಂಗತಿ ಮಾತ್ರ ಆ ಚಳಿಯಲ್ಲಿ ಮರೆತೇ ಹೋಗಿತ್ತು. ಎಡಗಾಲಿನ ಹೆಬ್ಬೆರಳು ಚೀಲದ ತೂತಿನಿಂದ ಹೊರಗೆ ಬಂದು ಪಂಜಾಬನ್ನು ನೋಡುತ್ತಿತ್ತು. ಹಿಂದಿನ ಸಾಲೆಲ್ಲ ನಿಂತುಬಿಟ್ಟಿತು. ಬಿಳಿ ಗಡ್ಡದ ಮುದುಕರೊಬ್ಬರು ಬಗ್ಗಿ, ಕೂಸಿಗೆ ಬಿಚ್ಚಿದ ಹಾಗೆ ಎರಡೂ ಚೀಲ ಎಳೆದು, ಹಿಂಡಿ, ನನ್ನ ಕೈಗಿಟ್ಟರು. ನಾನು ಹಿಂದಿಯಲ್ಲಿ ಕ್ಷಮೆ ಕೇಳಿದೆ. ಅವರು ಪಂಜಾಬಿಯಲ್ಲಿ ಏನೋ ಅಂದರು. ಸುತ್ತಲಿದ್ದವರು ನಕ್ಕರು.

ನನ್ನ ಜೊತೆಗಿದ್ದ ಕಲ್ಲಪ್ಪ ನಗಲಿಲ್ಲ. "ಜೇಬಿಗೆ ಹಾಕ್ಕಬ್ಯಾಡ್ರಿ ಸಾರ್, ಕೋಟು ನೆನೀತೈತೆ" ಎಂದ, ಅಷ್ಟೆ.

ಕಲ್ಲಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯ ಕೆಲಸಗಾರ. ನಾನು ಅದೇ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ. ಹಿಂದಿ ಪರೀಕ್ಷೆ ಎರಡು ಪಾಸು ಮಾಡಿ, ಮೂರನೆಯದರಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮಿಲ್ಲಿಗೆಲ್ಲ ಹಿಂದಿ ಪಂಡಿತ ಎನಿಸಿಕೊಂಡವನು. ಕಲ್ಲಪ್ಪನ ಊರು ಭಾನುವಳ್ಳಿ. ಮದುವೆಯಾದ ಮೂರನೇ ವರ್ಷಕ್ಕೆ ಹೆಂಡತಿ ಮಾರೆಮ್ಮ ತೀರಿಕೊಂಡಳು. ಇನ್ನೊಂದು ಮಾಡಿಕೋ ಎಂದವರಿಗೆ "ಆಗ್ಲಿ ನೋಡೋಣ" ಎನ್ನುತ್ತ ಇಪ್ಪತ್ತು ವರ್ಷ ಕಳೆದ. ಆವರಗೆರೆಯಲ್ಲಿ ಒಂದು ಸಾಲುಮನೆಯ ಕೊನೆಯ ಕೋಣೆಯಲ್ಲಿ ಒಬ್ಬನೇ ಇದ್ದ. ಅವನ ರಜೆಗಳೆಲ್ಲ ಹಾಗೇ ಉಳಿದಿರುತ್ತಿದ್ದವು. ಯಾಕಪ್ಪ ಎಂದರೆ, "ರಜ ಹಾಕಿ ಎಲ್ಲಿಗೆ ಹೋಗ್ಲಿ ಸಾರ್? ಮನೇಲಿದ್ರೆ ಗೋಡೆ ನೋಡಬೇಕು. ಇಲ್ಲಿ ಮಿಷಿನ್ನಾದ್ರೂ ಸದ್ದು ಮಾಡ್ತೈತೆ" ಅನ್ನುತ್ತಿದ್ದ.

ಅವನ ಪಕ್ಕದ ಕೋಣೆಗೆ ೧೯೫೪ರಲ್ಲಿ ಸಂತೋಖ್ ಸಿಂಗ್ ಬಂದ. ಹೊಸ ಯಂತ್ರ ಕೂಡಿಸಲು ಬಂದ ಫಿಟ್ಟರು. ಮೂಲದಲ್ಲಿ ಲಾಹೋರಿನ ಆಚೆಯವನು. ದೇಶ ಒಡೆದಾಗ ಅಮೃತಸರಕ್ಕೆ ಬಂದವನು. ಆಚೆ ಯಾರು ಉಳಿದರು, ಯಾರು ಹೋದರು, ಅವನು ಹೇಳಲಿಲ್ಲ, ಕಲ್ಲಪ್ಪ ಕೇಳಲಿಲ್ಲ. ಕೇಳಲು ಇಬ್ಬರಿಗೂ ಬರುವ ಭಾಷೆಯೂ ಇರಲಿಲ್ಲ ಅನ್ನಿ. ಆದರೂ ತಿಂಗಳೊಪ್ಪತ್ತಿನಲ್ಲಿ ಒಲೆ ಒಂದೇ ಆಯಿತು. ಒಂದು ದಿನ ಗೋಧಿ ರೊಟ್ಟಿ, ಒಂದು ದಿನ ಜೋಳದ್ದು. ಭಾನುವಾರ ಸರದಾರ ತಲೆ ತೊಳೆದು ಬಿಸಿಲಿಗೆ ಕೂದಲು ಹರವಿ ಕೂತಿದ್ದರೆ, ಕಲ್ಲಪ್ಪ ಎದುರು ಕೂತು ಜೋಳ ಹಸನು ಮಾಡುತ್ತಿದ್ದ. ಮಾತಿಲ್ಲ, ಕತೆಯಿಲ್ಲ.

ಸರದಾರ ಕಲಿತ ಕನ್ನಡ ಒಂದೇ: "ಊಟ ಆತಾ?" ನಮ್ಮ ಕಡೆ ಇದನ್ನು ಯಾರು ಬೇಕಾದರೂ ಯಾರನ್ನು ಬೇಕಾದರೂ ಕೇಳುತ್ತಾರೆ, ಉತ್ತರ ಬರುವಷ್ಟರಲ್ಲಿ ನಾಲ್ಕು ಹೆಜ್ಜೆ ದಾಟಿರುತ್ತಾರೆ. ಸಂತೋಖ್ ಸಿಂಗನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಕೇಳಿ ನಿಂತುಬಿಡುತ್ತಿದ್ದ. ಆಗಿಲ್ಲ ಎಂದರೆ ಕೈ ಹಿಡಿದು ಒಳಗೆ ಎಳೆಯುತ್ತಿದ್ದ.

ಒಂದೂವರೆ ವರ್ಷಕ್ಕೆ ಯಂತ್ರದ ಕೆಲಸ ಮುಗಿದು ಅವನು ಹೊರಟ. ಆಮೇಲೆ ಒಂದು ಕಾಗದ ಬಂತು, ಹಿಂದಿಯಲ್ಲಿ, ಯಾರಿಂದಲೋ ಬರೆಸಿದ್ದು. ನಾನೇ ಓದಿ ಹೇಳಿದೆ: ಚಳಿಗಾಲದಲ್ಲಿ ಬಾ, ಬೇಸಿಗೆಯಲ್ಲಿ ಸುಟ್ಟುಹೋಗುತ್ತೀ, ಬಂದರೆ ನನ್ನ ಮನೆಯಲ್ಲೇ ಊಟ. ವಿಳಾಸ ಲಕೋಟೆಯ ಹಿಂಬದಿಗಿತ್ತು. ಆ ಲಕೋಟೆಯ ಮೇಲೆ ಚೆಂದದ ಸ್ಟಾಂಪೂ ಇತ್ತು. ನನಗೆ ಆಗ ಸ್ಟಾಂಪು ಸಂಗ್ರಹದ ಹುಚ್ಚು. ಕಲ್ಲಪ್ಪನಿಂದ ಲಕೋಟೆ ಇಸಕೊಂಡು ಹೋಗಿ ಬೋಗುಣಿಯ ನೀರಿನಲ್ಲಿ ನೆನೆಹಾಕಿದೆ. ಸ್ಟಾಂಪು ಬಂತು. ವಿಳಾಸ ನೀಲಿ ನೀರಾಗಿ ಬೋಗುಣಿ ಸೇರಿತು.

ಇದನ್ನು ನಾನು ಅವನಿಗೆ ಹೇಳಲಿಲ್ಲ. ಉತ್ತರ ಬರೆಸಲು ಬಂದಾಗ, "ಸಂತೋಖ್ ಸಿಂಗ್, ಮಿಲ್ ಫಿಟ್ಟರ್, ಅಮೃತಸರ" ಎಂದು ಧೈರ್ಯವಾಗಿ ಬರೆದೆ. "ಕಲ್ಲಪ್ಪ, ಆವರಗೆರೆ" ಎಂದರೆ ಅವನಿಗೆ ಕಾಗದ ಮುಟ್ಟುತ್ತಿತ್ತಲ್ಲ, ಆದ್ದರಿಂದ ಅವನಿಗೂ ಅನುಮಾನ ಬರಲಿಲ್ಲ. ಹೀಗೆ ಮೂರು ವರ್ಷ ಬರೆದೆವು. ಒಂದಕ್ಕೂ ಜವಾಬಿಲ್ಲ. "ವಾಪಸ್ ಬಂದಿಲ್ಲಲ್ರಿ, ಅಂದ್ಮ್ಯಾಲೆ ಮುಟ್ಟೈತೆ. ಏನೋ ತೊಂದರೆ ಇರಬೇಕು, ಹೋಗಿ ನೋಡಾಣ" ಎಂದು ಅವನು ಕೂಡಿಟ್ಟ ರಜೆಯೆಲ್ಲ ಹಾಕಿದ. ಹಿಂದಿ ಪಂಡಿತನೂ ಬರಬೇಕೆಂದು ಹಟ ಹಿಡಿದ. ಪಂಡಿತನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಪೂನಾ ದಾಟಿದ ಮೇಲೆ ರೈಲಿನಲ್ಲಿ ಎಲ್ಲ ಒಪ್ಪಿಕೊಂಡೆ. ಕಲ್ಲಪ್ಪ ದಾರಿಯ ಮಂಡಕ್ಕಿ ಗಂಟು ಬಿಚ್ಚಿ ನನ್ನ ಮುಂದೆ ಸರಿಸಿದ.

"ಸ್ಟಾಂಪು ಚೆನ್ನಾಗಿತ್ತೇನ್ರಿ?"

"ಹಂ."

"ಹೋಗ್ಲಿ ಬಿಡ್ರಿ. ಆ ಊರಿಗೆ ದೇವರ ಗುಡಿ ಒಂದೇ ಅಂತ ಅವನೇ ಕೈಸನ್ನೆ ಮಾಡಿ ಹೇಳಿದ್ದ. ಗುಡಿ ಬಾಗಿಲಾಗೆ ಕೂತ್ರೆ ಯಾರಾದ್ರೂ ಸಿಗ್ತಾರೆ."

ಇದು ದಾವಣಗೆರೆಯ ಲೆಕ್ಕ. ನಮ್ಮಲ್ಲಿ ಯಾರನ್ನಾದರೂ ಹುಡುಕುವುದೆಂದರೆ ಮಿಲ್ಲಿನ ಗೇಟಿನಲ್ಲೋ ಸಂತೆಯ ಬಾಯಲ್ಲೋ ಒಂದು ಗಳಿಗೆ ಕೂತರೆ ಸಾಕು, ಮನುಷ್ಯ ತಾನೇ ಬರುತ್ತಾನೆ. ಅಮೃತಸರದಲ್ಲಿ ಕಲ್ಲಪ್ಪ ಕೂತದ್ದು ಚಪ್ಪಲಿ ಇಡುವ ಕಟ್ಟೆಯಲ್ಲಿ. ಬಂದವರೆಲ್ಲ ಚಪ್ಪಲಿ ಬಿಡಲು ಅಲ್ಲಿಗೇ ಬರಬೇಕು. ಚಪ್ಪಲಿ ತೆಗೆದುಕೊಂಡು ಬಿಲ್ಲೆ ಕೊಡುವುದು ಅಲ್ಲಿ ಭಕ್ತರೇ ಮಾಡುವ ಸೇವೆ. ದಿನಾ ಮಿಲ್ಲಿನ ಗೇಟಿನಲ್ಲಿ ಹಿತ್ತಾಳೆ ಬಿಲ್ಲೆ ಹಿಡಿದು ಒಳಗೆ ಹೋಗುವ ಕಲ್ಲಪ್ಪನಿಗೆ ಅದು ತಟ್ಟನೆ ತಿಳಿಯಿತು. ಅರ್ಧ ದಿನ ಸುಮ್ಮನೆ ಕೂತ. ಮಧ್ಯಾಹ್ನದಿಂದ ತಾನೂ ಚಪ್ಪಲಿ ಇಸಕೊಂಡು, ಧೂಳು ಒರೆಸಿ, ಬಿಲ್ಲೆ ಕೊಡತೊಡಗಿದ. ಕೊಡುವಾಗ ಪ್ರತಿಯೊಬ್ಬರ ಮುಖ ನೋಡುತ್ತಿದ್ದ.

ಅಲ್ಲಿನ ಹಿರಿಯರಿಗೆ ನನ್ನ ಹಿಂದಿಯಲ್ಲಿ ವಿಷಯ ಹೇಗೋ ಮುಟ್ಟಿತು. ಅವರು ಮನಸ್ಸು ಬಂದಾಗೆಲ್ಲ "ಸಂತೋಖ್ ಸಿಂಗ್!" ಎಂದು ಗರ್ಜಿಸುತ್ತಿದ್ದರು. ಸಂತೋಖ್ ಸಿಂಗರು ಬರತೊಡಗಿದರು. ಒಬ್ಬ ಹಾಲು ಮಾರುವವನು, ಒಬ್ಬ ಸೇನೆಯ ಸುಬೇದಾರ, ಒಬ್ಬ ಕನ್ನಡಕದ ಮೇಷ್ಟ್ರು. ಎಲ್ಲಿಂದ ಬಂದ ಎಂದು ಕೇಳಿ, ಹುಬ್ಬೇರಿಸಿ, ಕಲ್ಲಪ್ಪನನ್ನು ತಬ್ಬಿ, ಚಾ ಕುಡಿಸಿ ಹೋಗುತ್ತಿದ್ದರು. ಅವರಿಗೆ ಕೈಮುಗಿದು ಅವನು ಮತ್ತೆ ಕಟ್ಟೆಗೆ ಬರುತ್ತಿದ್ದ.

ನಾಲ್ಕನೆಯ ದಿನ ಮಂಜಿನಲ್ಲಿ ಒಬ್ಬ ಎತ್ತರದ ಮನುಷ್ಯ ನಮಗೆ ಬೆನ್ನು ಮಾಡಿ ಬೂಟಿನ ದಾರ ಬಿಚ್ಚುತ್ತಿದ್ದ. ಎಡಭುಜ ಸ್ವಲ್ಪ ತಗ್ಗು, ನಮ್ಮ ಸರದಾರನದರ ಹಾಗೇ. ಕಲ್ಲಪ್ಪ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ಎದ್ದ. ನಾನು ಅವನ ದನಿ ಅಷ್ಟು ಗಟ್ಟಿಯಾಗಿ ಯಾವತ್ತೂ ಕೇಳಿರಲಿಲ್ಲ.

"ಊಟ ಆತಾ?"

ಆ ಮನುಷ್ಯ ತಿರುಗಿದ. ಬೇರೆ ಯಾರೋ. ಗಾಬರಿಯಿಂದ ನಮ್ಮನ್ನು ನೋಡಿದ. ಕಲ್ಲಪ್ಪ ಸಂಕೋಚಕ್ಕೆ, ಏನಿಲ್ಲ, ಕೇಳಿದ್ದು ಇಷ್ಟೇ ಎನ್ನುವಂತೆ ಕೈಯನ್ನು ಬಾಯಿಯ ಹತ್ತಿರ ಒಯ್ದು ತೋರಿಸಿದ. ಪಾಪ, ಹಸಿದಿದ್ದಾನೆಂದು ತಿಳಿದ ಆ ಪುಣ್ಯಾತ್ಮ ಅವನ ಕೈ ಹಿಡಿದು ಲಂಗರಿನ, ಅಂದರೆ ಅಲ್ಲಿನ ದಾಸೋಹದ, ಪಂಕ್ತಿಗೆ ಎಳೆದೊಯ್ದು, ಪಕ್ಕದಲ್ಲೇ ಕೂತು, ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿದ. ಕಲ್ಲಪ್ಪ ಆಗತಾನೆ ಉಂಡು ಬಂದಿದ್ದ. ಆದರೂ ಮತ್ತೆ ಉಂಡ. ಆ ಮನುಷ್ಯನ ಹೆಸರೂ ಸಂತೋಖ್ ಸಿಂಗ್ ಎಂದು ಆಮೇಲೆ ತಿಳಿಯಿತು. ಕೈ ತೊಳೆಯುವಲ್ಲಿ ಕಲ್ಲಪ್ಪ ಬಹಳ ಹೊತ್ತು ಮುಖಕ್ಕೆ ನೀರು ಹಾಕಿಕೊಂಡ. ಆ ಚಳಿಯಲ್ಲಿ.

ಮರುದಿನ ಸಂಜೆಯವರೆಗೂ ಕೂತಿದ್ದು, ಮಿಕ್ಕ ಬಿಲ್ಲೆಗಳನ್ನು ಹಿರಿಯರ ಮುಂದೆ ಸಾಲಾಗಿ ಜೋಡಿಸಿಟ್ಟು, "ನಡೀರಿ ಸಾರ್, ಪಾಳಿ ಮುಗೀತು" ಎಂದ.

ಹರಿಹರ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಕಿಟಕಿಯ ಹತ್ತಿರ ಯಲ್ಲಕ್ಕ ಬಂದಳು. ಭಾನುವಳ್ಳಿಯವಳು, ಪ್ಲಾಟ್‌ಫಾರಂನಲ್ಲಿ ಮಂಡಕ್ಕಿ ಮಾರುವವಳು. ಹೋಗುವಾಗ ದಾರಿಗೆಂದು ನಮಗೆ ಗಂಟು ಕಟ್ಟಿಕೊಟ್ಟಿದ್ದಳು. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಇಡೀ ಡಬ್ಬಿಗೆ ಕೇಳುವ ಹಾಗೆ ಕೂಗಿದಳು:

"ಹುಬ್ಬಳ್ಳಿ ನೋಡದ ಗಂಡು ಪಂಜಾಬಿಗೆ ಹೋಗಿ ಬಂದ್ಯಲ್ಲೋ ಕಲ್ಲಪ್ಪ! ಸಿಕ್ಕಿದ್ನೇನೋ ನಿನ್ನ ಸಂತೋಖ್ ಸಿಂಗ?"

ಕಲ್ಲಪ್ಪ ಮಫ್ಲರು ಬಿಚ್ಚಿ, ಮಡಚಿ, ತೊಡೆಯ ಮೇಲಿಟ್ಟುಕೊಂಡ.

"ಹನ್ನೊಂದು ಮಂದಿ ಸಿಕ್ಕಿದ್ರು, ಯಲ್ಲಕ್ಕ."